ಹಿರಿಯರ ಆರೈಕೆಯಲ್ಲಿ ನಿರ್ಲಕ್ಷ್ಯ: ಯಾವ ಕಚೇರಿಯ ಬಾಗಿಲು, ಯಾವ ಕಾಗದ ಕೈಯಲ್ಲಿ

ಹಣ ಕೊಟ್ಟು ಆರೈಕೆಗೆ ಒಪ್ಪಿಸಿದ ವೃದ್ಧ ತಂದೆ, ತಾಯಿ ಅಥವಾ ಬಂಧುವನ್ನು ಸಂಸ್ಥೆಯೊಂದು ನಿರ್ಲಕ್ಷಿಸಿದಾಗ ನೇರವಾಗಿ ಅನ್ವಯವಾಗುವ ಒಂದೇ ಒಂದು ಸಮಗ್ರ ಕಾಯ್ದೆ ಭಾರತದಲ್ಲಿ ಇಲ್ಲ. ಗ್ರಾಹಕರ ಸಂರಕ್ಷಣೆ, ದಂಡಸಂಹಿತೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ನಿಯಂತ್ರಣ, ಅಂಗವಿಕಲರ ಹಕ್ಕು, ಹಿರಿಯ ನಾಗರಿಕರ ಕಲ್ಯಾಣ ಎಂದು ಐದಾರು ಕಾನೂನುಗಳಲ್ಲಿ ಚದುರಿಹೋಗಿರುವ ಕಲಮುಗಳನ್ನು ಕೂಡಿಸಿಕೊಂಡೇ ಕುಟುಂಬವು ತನ್ನ ದಾರಿಯನ್ನು ಕಂಡುಕೊಳ್ಳಬೇಕಾಗುತ್ತದೆ. ಕಾನೂನಿನ ಕೊರತೆಯಿಂದ ಸೋಲುವ ಪ್ರಕರಣಗಳಿಗಿಂತ, ತಪ್ಪು ಕಚೇರಿಯಲ್ಲಿ ತಿಂಗಳುಗಟ್ಟಲೆ ಅಲೆದು, ಅಷ್ಟರಲ್ಲಿ ಸಾಕ್ಷ್ಯವೆಲ್ಲ ಕೈತಪ್ಪಿ ಸೋಲುವ ಪ್ರಕರಣಗಳ ಬಗ್ಗೆಯೇ ಹೆಚ್ಚು ಎಚ್ಚರ ವಹಿಸಬೇಕಾಗಿದೆ.

ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಂಥ ಊರಿನಲ್ಲಿ ಈ ಗೊಂದಲ ಇನ್ನಷ್ಟು ಹೆಚ್ಚು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಲಾರಂಭಿಸಿದ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದ ಮಗ್ಗುಲಲ್ಲಿ ಬೆಳೆದ ಈ ವಸತಿಯು ಮಂಡ್ಯ ಜಿಲ್ಲೆಯ ಅಂಚಿನಲ್ಲಿದೆ. ಹೊಳೆಯ ಆಚೆ ದಡ ಚಾಮರಾಜನಗರ ಜಿಲ್ಲೆಗೆ ಸೇರುತ್ತದೆ. ಹಾಸಿಗೆ ಹಿಡಿದ ಹಿರಿಯರನ್ನು ಇಲ್ಲಿಂದ ಮಳವಳ್ಳಿ, ಮದ್ದೂರು ಅಥವಾ ಮಂಡ್ಯಕ್ಕೆ ಕರೆದೊಯ್ಯುವಷ್ಟೇ ಸಹಜವಾಗಿ ಕೊಳ್ಳೇಗಾಲಕ್ಕೋ ಮೈಸೂರಿಗೋ ಕರೆದೊಯ್ಯಬಹುದು, ಮಕ್ಕಳು ಬೆಂಗಳೂರಿನಲ್ಲಿದ್ದರೆ ಅಲ್ಲಿಗೂ ಸಾಗಿಸಬಹುದು. ಸಂಸ್ಥೆ ಇರುವ ಜಿಲ್ಲೆ ಒಂದು, ಕುಟುಂಬ ಇರುವ ಜಿಲ್ಲೆ ಇನ್ನೊಂದು ಆದಾಗ ದೂರನ್ನು ಎಲ್ಲಿ ಕೊಡಬೇಕೆಂಬ ಪ್ರಶ್ನೆಗೆ ಒಂದೊಂದು ಕಾನೂನು ಒಂದೊಂದು ಉತ್ತರ ಕೊಡುತ್ತದೆ.

ಮೊದಲು ತಿಳಿಯಬೇಕಾದದ್ದು ಸಂಸ್ಥೆಯ ಜಾತಕ

ನರ್ಸಿಂಗ್ ಹೋಮ್ ಎಂಬ ಫಲಕ ಹೊತ್ತ ಸಂಸ್ಥೆಗಳು ಕರ್ನಾಟಕದಲ್ಲಿ ಬಹುತೇಕ ಸಣ್ಣ ಖಾಸಗಿ ಆಸ್ಪತ್ರೆಗಳೇ ಆಗಿದ್ದು, ಅವು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯಲ್ಲಿ, ಆಡುಮಾತಿನಲ್ಲಿ ಕೆಪಿಎಂಇ ಎನ್ನುವ ಕಾಯ್ದೆಯಡಿ, ಕಡ್ಡಾಯವಾಗಿ ನೋಂದಣಿಯಾಗಿರಬೇಕು ಮತ್ತು ನೋಂದಣಿ ಪತ್ರವನ್ನು ಕಣ್ಣಿಗೆ ಕಾಣುವಂತೆ ತೂಗುಹಾಕಿರಬೇಕು. ವೃದ್ಧಾಶ್ರಮ, ಹಿರಿಯರ ಆರೈಕೆ ಕೇಂದ್ರ, ಡೇ ಕೇರ್ ಮುಂತಾದ ಹೆಸರಿನವು ಸಾಮಾನ್ಯವಾಗಿ ಟ್ರಸ್ಟ್ ಅಥವಾ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿ, ಕೆಲವು ಸರ್ಕಾರದ ಅನುದಾನದಿಂದ, ಕೆಲವು ನಿವಾಸಿಗಳ ಮಾಸಿಕ ಶುಲ್ಕದಿಂದ, ಇನ್ನು ಕೆಲವು ದಾನದಿಂದ ನಡೆಯುತ್ತವೆ. ಇಂಥ ಕೇಂದ್ರಗಳಿಗೆ ದೇಶವ್ಯಾಪಿ ಕಡ್ಡಾಯ ನೋಂದಣಿಯನ್ನೂ ಕನಿಷ್ಠ ಗುಣಮಟ್ಟವನ್ನೂ ವಿಧಿಸಲು ಹೊರಟಿದ್ದ ಹಿರಿಯ ನಾಗರಿಕರ ಕಾಯ್ದೆಯ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ, ಸ್ಥಾಯಿ ಸಮಿತಿಗೆ ಹೋಗಿ, ಕೊನೆಗೆ ಆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಹತ್ತು ಹಾಸಿಗೆಯ ಆಸ್ಪತ್ರೆಯೊಂದು ಪರವಾನಗಿ ಇಲ್ಲದೆ ಬಾಗಿಲು ತೆರೆಯುವಂತಿಲ್ಲದ ರಾಜ್ಯದಲ್ಲಿ, ಅದಕ್ಕಿಂತ ಹೆಚ್ಚು ಅಸಹಾಯಕರನ್ನು ಇಟ್ಟುಕೊಳ್ಳುವ ಮನೆಗೆ ಅಷ್ಟೇ ಬಿಗಿಯಾದ ಕಟ್ಟಳೆ ಇಲ್ಲದಿರುವುದು ವಿಚಿತ್ರವೇ ಸರಿ.

ಈ ವ್ಯತ್ಯಾಸ ಮುಖ್ಯವಾಗುವುದು ಎರಡು ಕಾರಣಕ್ಕೆ. ಆಸ್ಪತ್ರೆಯ ವಿರುದ್ಧವಾದರೆ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರ ಎಂಬ ಹೆಚ್ಚುವರಿ ಬಾಗಿಲು ಇರುತ್ತದೆ, ವೃದ್ಧಾಶ್ರಮದ ವಿರುದ್ಧವಾದರೆ ಅದು ಇರುವುದಿಲ್ಲ. ಎರಡನೆಯದಾಗಿ, ಗ್ರಾಹಕ ಕಾನೂನು ಹಣಕ್ಕೆ ಪ್ರತಿಯಾಗಿ ಕೊಡುವ ಸೇವೆಗೆ ಮಾತ್ರ ಅನ್ವಯಿಸುವುದರಿಂದ, ಸಂಸ್ಥೆಯು ಶುಲ್ಕ ಪಡೆಯುತ್ತದೆಯೇ ಎಂಬುದೇ ನಿರ್ಣಾಯಕ ಪ್ರಶ್ನೆಯಾಗುತ್ತದೆ. ಸುಪ್ರೀಂ ಕೋರ್ಟ್ 1995ರಲ್ಲಿ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ವಿರುದ್ಧ ವಿ.ಪಿ. ಶಾಂತಾ ಪ್ರಕರಣದಲ್ಲಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ: ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆ ಗ್ರಾಹಕ ಕಾನೂನಿನ ಹೊರಗೆ, ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಆಸ್ಪತ್ರೆಯಲ್ಲಿ ಉಚಿತ ಸೇವೆ ಪಡೆದವರೂ ಗ್ರಾಹಕರೇ, ವೆಚ್ಚವನ್ನು ವಿಮಾ ಕಂಪನಿಯೋ ಉದ್ಯೋಗದಾತರೋ ಭರಿಸಿದ್ದರೂ ಅದು ಉಚಿತ ಸೇವೆ ಎನಿಸುವುದಿಲ್ಲ. ವಿದ್ಯುತ್ ಕೇಂದ್ರದ ನೌಕರಿಯ ಆಸರೆಯಲ್ಲಿ ಬೆಳೆದ ಬ್ಲಫ್‌ನಂಥ ಊರಿನಲ್ಲಿ ಈ ಮೂರನೆಯ ಅಂಶಕ್ಕೆ ವಿಶೇಷ ಬೆಲೆಯಿದೆ. ಬಿಲ್ಲನ್ನು ಕಂಪನಿಯೇ ಕಟ್ಟಿತ್ತು ಎಂಬ ಕಾರಣಕ್ಕೆ ಯಾರೂ ದೂರು ಕೊಡುವ ಹಕ್ಕನ್ನು ಕಳೆದುಕೊಳ್ಳುವುದಿಲ್ಲ.

ವಯಸ್ಸಿನ ಸಹಜ ಕುಸಿತ ಮತ್ತು ನಿರ್ಲಕ್ಷ್ಯ

ಕಾನೂನಿನ ಭಾಷೆಯಲ್ಲಿ ನಿರ್ಲಕ್ಷ್ಯ ಎನ್ನಿಸಿಕೊಳ್ಳಲು ಮೂರು ಸಂಗತಿಗಳು ಕೂಡಿಬರಬೇಕು: ಕಾಳಜಿ ವಹಿಸುವ ಹೊಣೆ ಸಂಸ್ಥೆಗೆ ಇತ್ತು, ಆ ಹೊಣೆಯನ್ನು ಅದು ಪಾಲಿಸಲಿಲ್ಲ, ಪಾಲಿಸದ ಕಾರಣಕ್ಕೇ ಹಾನಿಯಾಯಿತು. ಮೊದಲನೆಯದನ್ನು ದಾಖಲಾತಿ ಪತ್ರ ಮತ್ತು ರಸೀದಿಗಳೇ ಸಾಬೀತುಪಡಿಸುತ್ತವೆ. ಜಗಳವೆಲ್ಲ ಉಳಿದೆರಡರ ಬಗ್ಗೆ, ಅದರಲ್ಲೂ ಮೂರನೆಯದರ ಬಗ್ಗೆ. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಇತ್ತು, ಏನು ಮಾಡಿದರೂ ಇದಾಗುತ್ತಿತ್ತು ಎಂಬುದೇ ಸಂಸ್ಥೆಗಳ ಮಾಮೂಲಿ ಉತ್ತರ.

ಈ ವಾದವನ್ನು ಎದುರಿಸಲು ಹಾಸಿಗೆ ಹುಣ್ಣನ್ನು ಉದಾಹರಣೆಯಾಗಿ ನೋಡುವುದು ಉಪಯುಕ್ತ. ಬೆಡ್‌ಸೋರ್ ಎಂದೇ ಎಲ್ಲರೂ ಕರೆಯುವ ಈ ಹುಣ್ಣು, ಮೂಳೆ ಉಬ್ಬಿರುವ ಜಾಗದಲ್ಲಿ, ಅಂದರೆ ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ, ದೇಹದ ಭಾರವು ಒಂದೇ ಕಡೆ ಬಹುಹೊತ್ತು ಬಿದ್ದು ರಕ್ತಸಂಚಾರ ನಿಂತಾಗ ಉಂಟಾಗುತ್ತದೆ. ಅದಕ್ಕೆ ನಾಲ್ಕು ಹಂತಗಳಿವೆ: ಮೊದಲು ಒತ್ತಿದರೂ ಮಾಸದ ಕೆಂಪು, ನಂತರ ಚರ್ಮ ಕಿತ್ತು ಬರುವುದು, ಆಮೇಲೆ ಚರ್ಮದಡಿಯ ಕೊಬ್ಬಿನವರೆಗೆ ಇಳಿದ ಗುಳಿ, ಕೊನೆಗೆ ಸ್ನಾಯು ಅಥವಾ ಮೂಳೆಯೇ ಕಾಣುವ ಸ್ಥಿತಿ. ತಾನಾಗಿ ಹೊರಳಲಾರದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು, ಒದ್ದೆ ಬಟ್ಟೆಯನ್ನು ಕೂಡಲೇ ತೆಗೆಯುವುದು, ಅಗತ್ಯವಿದ್ದರೆ ಗಾಳಿ ಹಾಸಿಗೆ ಹಾಕುವುದು ಶುಶ್ರೂಷೆಯ ಮೊದಲ ಪಾಠಗಳು. ಎಲ್ಲ ಎಚ್ಚರಿಕೆಯ ನಡುವೆಯೂ ಕೆಲವರಿಗೆ ಹುಣ್ಣಾಗುವುದುಂಟು, ಅದನ್ನು ಒಪ್ಪಲೇಬೇಕು. ಆದರೆ ಒಂದನೆಯ ಹಂತದಿಂದ ನಾಲ್ಕನೆಯ ಹಂತದವರೆಗೆ ಹೋಗುವ ತನಕ ನರ್ಸ್ ಟಿಪ್ಪಣಿಯಲ್ಲಿ ಒಂದೇ ಒಂದು ಸಾಲೂ ಇಲ್ಲದಿರುವುದು, ಮಗ್ಗುಲು ಬದಲಿಸಿದ ಚಾರ್ಟ್ ಇಲ್ಲದಿರುವುದು ಅಥವಾ ಎಲ್ಲ ದಿನಗಳ ಚಾರ್ಟೂ ಒಂದೇ ಶಾಯಿಯಲ್ಲಿ ಒಂದೇ ಕೈಬರಹದಲ್ಲಿ ತುಂಬಿರುವುದು, ಮನೆಯವರಿಗೆ ತಿಳಿಸದೆ ಮುಚ್ಚಿಟ್ಟಿರುವುದು, ಇವು ವಯಸ್ಸಿನ ಮೇಲೆ ಹೊರಿಸಬಹುದಾದ ತಪ್ಪುಗಳಲ್ಲ.

ಇದೇ ಬಗೆಯಲ್ಲಿ, ತೂಕ ಏಕಾಏಕಿ ಇಳಿದಿರುವುದು, ನೀರಿನಂಶ ಕಡಿಮೆಯಾಗಿ ನಾಲಗೆ ಒಣಗಿರುವುದು, ಪದೇಪದೇ ಬಿದ್ದ ಗುರುತು, ಮಣಿಕಟ್ಟಿನಲ್ಲಿ ಕಟ್ಟಿಹಾಕಿದ ಬರೆ, ವೈದ್ಯರು ಬರೆಯದ ನಿದ್ದೆ ಮಾತ್ರೆಯಿಂದ ಹಗಲೆಲ್ಲ ಮಂಪರು, ಬಿಪಿ ಸಕ್ಕರೆಯ ಮಾತ್ರೆಗಳು ಪಟ್ಟಿಯಲ್ಲೇ ಉಳಿದಿರುವುದು ಕಂಡರೆ ಪ್ರತಿಯೊಂದಕ್ಕೂ ಹೊಂದುವ ದಾಖಲೆ ಸಂಸ್ಥೆಯಲ್ಲಿ ಇದೆಯೇ ಎಂದು ಕೇಳಬೇಕು.

ಮೊದಲ ವಾರ

ವಕೀಲರನ್ನು ಹುಡುಕುವುದಕ್ಕಿಂತ ಮೊದಲು ರೋಗಿಯನ್ನು ಅಲ್ಲಿಂದ ಬಿಡಿಸಿ ಬೇರೊಂದು ಆಸ್ಪತ್ರೆಗೆ ಸೇರಿಸಬೇಕು. ಇದು ಜೀವ ಉಳಿಸುವ ಕ್ರಮ ಮಾತ್ರವಲ್ಲ, ಪ್ರಕರಣದ ಬುನಾದಿಯೂ ಹೌದು. ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಾಗಲಿ, ಎರಡನೆಯ ಆಸ್ಪತ್ರೆಯ ವೈದ್ಯರು ದಾಖಲು ಮಾಡಿಕೊಳ್ಳುವಾಗ ಬರೆಯುವ ಟಿಪ್ಪಣಿಗೆ ಸಮನಾದ ಸಾಕ್ಷ್ಯ ಇನ್ನೊಂದಿಲ್ಲ. ಅದನ್ನು ಬರೆದವರಿಗೆ ಯಾರ ಪಕ್ಷವೂ ಇಲ್ಲ, ಬರೆದ ಗಂಟೆಯಲ್ಲಿ ಯಾವ ವ್ಯಾಜ್ಯವೂ ಇರಲಿಲ್ಲ. ಆದ್ದರಿಂದ ಹುಣ್ಣು ಎಲ್ಲಿದೆ, ಎಷ್ಟು ಸೆಂಟಿಮೀಟರ್ ಅಗಲ, ಎಷ್ಟು ಆಳ, ಯಾವ ಹಂತ, ದೇಹದ ತೂಕ ಎಷ್ಟು, ನೀರಿನಂಶ ಹೇಗಿದೆ ಎಂಬುದನ್ನು ಕೇಸ್ ಶೀಟಿನಲ್ಲಿ ನಮೂದಿಸುವಂತೆ ವಿನಯದಿಂದ ಕೋರಬೇಕು. ಗಾಯಗಳು ಅನುಮಾನಾಸ್ಪದವಾಗಿದ್ದರೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ಮಾಹಿತಿ ಹೋಗುವ ವೈದ್ಯಕೀಯ ಕಾನೂನು ಪ್ರಕರಣವಾಗಿ ದಾಖಲಿಸಲು ಕೇಳಬಹುದು.

ಹಳೆಯ ಸಂಸ್ಥೆಯಿಂದ ಹೊರಡುವಾಗ ಮುಂದೆ ಹಿಡಿಯುವ ಕಾಗದಗಳನ್ನು ಓದದೆ ಸಹಿ ಮಾಡಬಾರದು. ಸೇವೆ ತೃಪ್ತಿಕರವಾಗಿತ್ತು ಎಂಬ ಅಚ್ಚಾದ ಸಾಲಿನ ಕೆಳಗೆ ಬಿದ್ದ ಸಹಿಯೊಂದು ಮುಂದೆ ವರ್ಷಗಟ್ಟಲೆ ಕಾಡುತ್ತದೆ. ಸಹಿ ಮಾಡಲೇಬೇಕಾದರೆ ಅದರ ಪಕ್ಕದಲ್ಲೇ ಆಕ್ಷೇಪವಿದೆ ಎಂದು ಕೈಬರಹದಲ್ಲಿ ಬರೆದು ದಿನಾಂಕ ಹಾಕುವುದು ಒಳ್ಳೆಯದು. ದಾಖಲಾತಿಯ ವೇಳೆ ಬರೆಸಿಕೊಂಡ, ಏನೇ ಆದರೂ ಸಂಸ್ಥೆ ಹೊಣೆಯಲ್ಲ ಎಂಬ ಷರತ್ತಿಗೆ ಹೆದರಬೇಕಾಗಿಲ್ಲ, ಅಂಥ ಸಾಲು ನಿರ್ಲಕ್ಷ್ಯದ ಹೊಣೆಯನ್ನು ತಾನಾಗಿ ಅಳಿಸಿಹಾಕುವುದಿಲ್ಲ.

ಅನಂತರದ ಕೆಲಸ ದಾಖಲೆಗಳನ್ನು ಕೇಳುವುದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು ಮತ್ತು ರೋಗಿಯಾಗಲಿ ಅಧಿಕೃತ ಪರಿಚಾರಕರಾಗಲಿ ಕೇಳಿದ 72 ಗಂಟೆಗಳೊಳಗೆ ಒದಗಿಸಬೇಕು. ಕೇಳುವಾಗ ಡಿಸ್ಚಾರ್ಜ್ ಸಾರಾಂಶ ಎಂದಷ್ಟೇ ಕೇಳಿದರೆ ಎರಡು ಪುಟ ಸಿಗುತ್ತದೆ. ನರ್ಸ್‌ಗಳ ದಿನಚರಿ ಟಿಪ್ಪಣಿ, ಔಷಧಿ ಕೊಟ್ಟ ಚಾರ್ಟ್, ಆಹಾರ ನೀರು ಮೂತ್ರದ ಪ್ರಮಾಣದ ಚಾರ್ಟ್, ಮಗ್ಗುಲು ಬದಲಿಸಿದ ಚಾರ್ಟ್, ಬಿದ್ದ ಘಟನೆಗಳ ವರದಿ, ಆ ಅವಧಿಯ ಸಿಬ್ಬಂದಿ ಪಾಳಿ ಪಟ್ಟಿ, ವಾರ್ಡಿನ ಸಿಸಿಟಿವಿ ದೃಶ್ಯ ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು. ಸಿಸಿಟಿವಿ ದೃಶ್ಯಗಳು ಕೆಲವು ವಾರಗಳಲ್ಲೇ ತಾವಾಗಿ ಅಳಿದುಹೋಗುವುದು ಸಾಮಾನ್ಯವಾದ್ದರಿಂದ, ಅಳಿಸದೆ ಕಾಪಾಡುವಂತೆ ಅದೇ ಪತ್ರದಲ್ಲಿ ಬರೆಯಬೇಕು. ಪತ್ರವನ್ನು ಕೈಯಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು, ಸ್ವೀಕೃತಿ ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನೂ ತಲುಪಿದ ವಿವರವನ್ನೂ ಇಟ್ಟುಕೊಳ್ಳುವುದು ಸಾಕು. ಕೇಳಿದರೂ ಕೊಡಲಿಲ್ಲ ಎಂಬುದೇ ಒಂದು ಸಾಕ್ಷ್ಯ. 2019ರ ಗ್ರಾಹಕ ಕಾಯ್ದೆಯಲ್ಲಿ ಅಗತ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದೂ ಸೇವಾ ನ್ಯೂನತೆಯ ವ್ಯಾಖ್ಯೆಯೊಳಗೆ ಬರುತ್ತದೆ.

ಫೋಟೊಗಳ ವಿಷಯದಲ್ಲಿ ಒಂದು ತಾಂತ್ರಿಕ ಮಾತು. ಹುಣ್ಣಿನ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಹತ್ತಿರದಿಂದ ಒಂದು, ಯಾರ ದೇಹವೆಂದು ತಿಳಿಯುವಂತೆ ದೂರದಿಂದ ಒಂದು ತೆಗೆಯಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಕಾರ ಫೋನಿನಲ್ಲಿರುವ ಚಿತ್ರವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ನಿಗದಿತ ನಮೂನೆಯ ಪ್ರಮಾಣಪತ್ರ ಬೇಕಾಗುತ್ತದೆ. ಅದರ ಒಂದು ಭಾಗವನ್ನು ಹಾಜರುಪಡಿಸುವವರೂ ಇನ್ನೊಂದನ್ನು ತಜ್ಞರೂ ತುಂಬಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸುತ್ತಿ ಬಂದ ಪ್ರತಿಗಿಂತ ಮೂಲ ಫೋನಿನಲ್ಲಿರುವ ಚಿತ್ರಕ್ಕೆ ಬೆಲೆ ಹೆಚ್ಚು, ಹಾಗಾಗಿ ಪ್ರಕರಣ ಮುಗಿಯುವವರೆಗೆ ಆ ಫೋನನ್ನು ಮಾರುವುದಾಗಲಿ ಫಾರ್ಮ್ಯಾಟ್ ಮಾಡುವುದಾಗಲಿ ಬೇಡ.

ಹಿರಿಯರು ಸಂಸ್ಥೆಯಲ್ಲೇ ತೀರಿಕೊಂಡಿದ್ದರೆ ನಿರ್ಧಾರಕ್ಕೆ ಇರುವ ಸಮಯ ಕೆಲವೇ ಗಂಟೆಗಳು. ಅನುಮಾನವಿದ್ದರೆ ಅಂತ್ಯಕ್ರಿಯೆಗೆ ಮುನ್ನವೇ ಪೊಲೀಸರಿಗೆ ಲಿಖಿತ ಮಾಹಿತಿ ಕೊಟ್ಟು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ಅಸಹಜ ಸಾವಿನ ವಿಚಾರಣೆ ಮತ್ತು ಮರಣೋತ್ತರ ಪರೀಕ್ಷೆಯನ್ನು ಕೋರಬೇಕು. ನೆಂಟರಿಷ್ಟರು ನೆರೆದಿರುವ ಆ ಹೊತ್ತಿನಲ್ಲಿ ಹೆಣ ಕೊಯ್ಯಿಸುವುದೇ ಎಂಬ ಮಾತು ಬರುವುದು ಸಹಜ, ಆದರೆ ಚಿತೆಯ ನಂತರ ಸಾವಿನ ಕಾರಣವನ್ನು ಸಾಬೀತುಪಡಿಸಲು ಕಾಗದಗಳಷ್ಟೇ ಉಳಿಯುತ್ತವೆ. ಬಾಕಿ ಬಿಲ್ಲಿನ ನೆಪದಲ್ಲಿ ಶವವನ್ನು ಹಿಡಿದಿಟ್ಟುಕೊಳ್ಳುವುದನ್ನು ಕೆಪಿಎಂಇ ಕಾಯ್ದೆಯ 2017ರ ತಿದ್ದುಪಡಿ ತಡೆಯುತ್ತದೆ. ಬಾಕಿಯನ್ನು ಸಂಸ್ಥೆ ಆಮೇಲೆ ವಸೂಲಿ ಮಾಡಿಕೊಳ್ಳಬೇಕು.

ಏನೇ ಆದರೂ ಗಲಾಟೆ ಬೇಡ. ಆಸ್ಪತ್ರೆಯ ಗಾಜು ಒಡೆಯುವುದು, ಸಿಬ್ಬಂದಿಯ ಮೇಲೆ ಕೈಮಾಡುವುದು ಕರ್ನಾಟಕದಲ್ಲಿ 2009ರ ಪ್ರತ್ಯೇಕ ಕಾಯ್ದೆಯಡಿ ಜಾಮೀನುರಹಿತ ಅಪರಾಧ. ದೂರುದಾರರೇ ಆರೋಪಿಯಾದರೆ ಎದುರಿನವರಿಗೆ ಅದಕ್ಕಿಂತ ಅನುಕೂಲ ಬೇರೊಂದಿಲ್ಲ.

ಗ್ರಾಹಕ ಆಯೋಗ

ಹಣ ತೆಗೆದುಕೊಂಡ ಸಂಸ್ಥೆಯ ವಿರುದ್ಧ ಪರಿಹಾರ ಕೇಳಲು ಅತ್ಯಂತ ಬಲವಾದ ದಾರಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019, ಹಳೆಯ ಕಾಯ್ದೆಯಲ್ಲಿ ಇಲ್ಲದಿದ್ದ ಒಂದು ಅನುಕೂಲವನ್ನು 34ನೇ ಕಲಮಿನಲ್ಲಿ ಕೊಟ್ಟಿದೆ: ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ಕೊಳ್ಳೇಗಾಲದಲ್ಲೋ ಬೆಂಗಳೂರಿನಲ್ಲೋ ಇರುವ ಸಂಸ್ಥೆಯ ವಿರುದ್ಧ ಬ್ಲಫ್‌ನ ನಿವಾಸಿ ಮಂಡ್ಯದ ಆಯೋಗದಲ್ಲೇ ಹೋರಾಡಬಹುದು, ವಿಚಾರಣೆಗೆ ಸಂಸ್ಥೆಯವರೇ ಮಂಡ್ಯಕ್ಕೆ ಬರಬೇಕಾಗುತ್ತದೆ. ಸರ್ಕಾರದ ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದು.

ಜಿಲ್ಲಾ ಆಯೋಗದ ವ್ಯಾಪ್ತಿ ಸೇವೆಗೆಂದು ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿವರೆಗೆ ಇರುವ ಪ್ರಕರಣಗಳು. ಕೇಳುವ ಪರಿಹಾರದ ಮೊತ್ತವಲ್ಲ, ಪಾವತಿಸಿದ ಮೊತ್ತವೇ ಇಲ್ಲಿ ಲೆಕ್ಕ. ದೂರಿನ ಶುಲ್ಕಕ್ಕೂ ಇದೇ ಅಳತೆ: ಪಾವತಿ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ತಿಂಗಳಿಗೆ 15,000 ರೂಪಾಯಿಯಂತೆ ಎರಡು ವರ್ಷ ಕಟ್ಟಿದ ಕುಟುಂಬದ ಪಾವತಿ 3,60,000 ರೂಪಾಯಿ ಆಗುವುದರಿಂದ, ಅದು 20 ಲಕ್ಷದ ಪರಿಹಾರ ಕೇಳಿದರೂ ಒಂದು ಪೈಸೆ ಶುಲ್ಕ ಕಟ್ಟಬೇಕಾಗಿಲ್ಲ. ಕಾಲಮಿತಿ ಮಾತ್ರ ಕಟ್ಟುನಿಟ್ಟು: ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದಾದರೂ ಅದು ಆಯೋಗದ ವಿವೇಚನೆಗೆ ಬಿಟ್ಟದ್ದು.

ಯಾರು ದೂರು ಕೊಡಬಹುದು ಎಂಬ ಪ್ರಶ್ನೆಯೂ ಸರಳವಾಗಿಯೇ ಬಗೆಹರಿದಿದೆ. ಹಣ ಕಟ್ಟಿದ ಮಗ ಅಥವಾ ಮಗಳು ಗ್ರಾಹಕ, ಅವರ ಒಪ್ಪಿಗೆಯಿಂದ ಸೇವೆ ಪಡೆದ ತಾಯಿಯೂ ಗ್ರಾಹಕ. ಗ್ರಾಹಕರು ತೀರಿಕೊಂಡರೆ ಅವರ ಕಾನೂನುಬದ್ಧ ವಾರಸುದಾರರು ದೂರು ಕೊಡಬಹುದು. ನರ್ಸ್ ತಪ್ಪು ಚುಚ್ಚುಮದ್ದು ಕೊಟ್ಟ ಮಗುವಿಗೆ ಸಂಬಂಧಿಸಿದ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್, ಸೇವೆ ಪಡೆದವರು ಮತ್ತು ಅದನ್ನು ಗೊತ್ತುಮಾಡಿದ ತಂದೆತಾಯಿ ಇಬ್ಬರೂ ಗ್ರಾಹಕರೇ ಎಂದೂ, ಸಿಬ್ಬಂದಿಯ ತಪ್ಪಿಗೆ ಆಸ್ಪತ್ರೆ ಹೊಣೆಯೆಂದೂ ಹೇಳಿತು. 2004ರ ಸವಿತಾ ಗರ್ಗ್ ಪ್ರಕರಣದಲ್ಲಿ, ಯಾವ ವೈದ್ಯ ಅಥವಾ ನರ್ಸ್ ತಪ್ಪು ಮಾಡಿದರೆಂದು ಹೆಸರಿಸಲಾಗದಿದ್ದರೂ ಆಸ್ಪತ್ರೆಯನ್ನಷ್ಟೇ ಪ್ರತಿವಾದಿಯನ್ನಾಗಿ ಮಾಡಬಹುದೆಂದೂ, ತಾನು ಸರಿಯಾದ ಕಾಳಜಿ ವಹಿಸಿದ್ದೆನೆಂದು ತೋರಿಸುವ ಭಾರ ಆಸ್ಪತ್ರೆಯ ಮೇಲೆ ಬೀಳುತ್ತದೆಂದೂ ತೀರ್ಮಾನವಾಯಿತು. ರಾತ್ರಿ ಪಾಳಿಯಲ್ಲಿ ಯಾರಿದ್ದರೆಂದು ಗೊತ್ತೇ ಇಲ್ಲದ ಕುಟುಂಬಕ್ಕೆ ಈ ತೀರ್ಪಿನಷ್ಟು ನೆರವಾಗುವುದು ಇನ್ನೊಂದಿಲ್ಲ. ಪ್ರತಿ ಪ್ರಕರಣದಲ್ಲೂ ತಜ್ಞ ವೈದ್ಯರ ಅಭಿಪ್ರಾಯ ಬೇಕಿಲ್ಲ, ಘಟನೆಯೇ ತಪ್ಪನ್ನು ಸಾರುವಂತಿದ್ದರೆ ಅದೇ ಸಾಕು ಎಂಬುದು 2010ರ ವಿ. ಕಿಶನ್ ರಾವ್ ಪ್ರಕರಣದ ನಿಲುವು. ಚಿಕಿತ್ಸೆಯ ಆಯ್ಕೆ ಸರಿಯೇ ತಪ್ಪೇ ಎಂಬ ವಿವಾದಕ್ಕೆ ತಜ್ಞರು ಬೇಕಾದೀತು. ಆದರೆ ಊಟ, ನೀರು, ಮಗ್ಗುಲು, ಒದ್ದೆ ಬಟ್ಟೆಗಳ ವಿಷಯದಲ್ಲಿ ನಡೆದ ಲೋಪವನ್ನು ಅರಿಯಲು ಎಂಬಿಬಿಎಸ್ ಬೇಕಾಗಿಲ್ಲ ಎಂದು ವಾದಿಸಲು ಈ ತೀರ್ಪು ಆಸ್ಪದ ಕೊಡುತ್ತದೆ.

ದೂರಿನಲ್ಲಿ ಕೇಳಬಹುದಾದದ್ದು ಪಾವತಿಸಿದ ಶುಲ್ಕದ ವಾಪಸಾತಿ, ಎರಡನೆಯ ಆಸ್ಪತ್ರೆಯ ವೆಚ್ಚ, ನೋವು ಮತ್ತು ಮಾನಸಿಕ ಯಾತನೆಗೆ ಪರಿಹಾರ, ವ್ಯಾಜ್ಯದ ಖರ್ಚು. ಬಾಯಿಗೆ ಬಂದ ಮೊತ್ತ ಬರೆಯುವುದಕ್ಕಿಂತ ಪ್ರತಿ ಬಾಬಿಗೂ ಬಿಲ್ಲು ಜೋಡಿಸಿ, ದಿನಾಂಕವಾರು ಘಟನೆಗಳ ಪಟ್ಟಿಯನ್ನು ಒಂದೆರಡು ಪುಟದಲ್ಲಿ ಕೊಟ್ಟರೆ ಆಯೋಗದ ಸದಸ್ಯರು ಓದುತ್ತಾರೆ. ಎದುರುಪಕ್ಷ 30 ದಿನಗಳಲ್ಲಿ, ಹೆಚ್ಚೆಂದರೆ ಇನ್ನೂ 15 ದಿನಗಳಲ್ಲಿ ಉತ್ತರ ಕೊಡಬೇಕು. ಕಾಯ್ದೆ ಮೂರು ತಿಂಗಳ ಇತ್ಯರ್ಥದ ಮಾತಾಡುತ್ತದೆ, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದನ್ನು ನಿರೀಕ್ಷಿಸಿಯೇ ಹೊರಡಬೇಕು. ರಾಜಿ ಮಾಡಿಕೊಳ್ಳಿ ಎಂಬ ಒತ್ತಡ ಬಂದಾಗ ಒಂದು ಅಂಶ ನೆನಪಿರಲಿ: ಸಾವು ಅಥವಾ ತೀವ್ರ ಗಾಯಕ್ಕೆ ಕಾರಣವಾದ ವೈದ್ಯಕೀಯ ನಿರ್ಲಕ್ಷ್ಯದ ಪ್ರಕರಣಗಳನ್ನು ಆಯೋಗವು ಮಧ್ಯಸ್ಥಿಕೆಗೆ ಕಳುಹಿಸುವಂತಿಲ್ಲ ಎಂದು 2020ರ ನಿಯಮಗಳು ಹೇಳುತ್ತವೆ. ವಕೀಲರಿಲ್ಲದೆ ಸ್ವತಃ ವಾದಿಸಲೂ ಅವಕಾಶವಿದೆ.

ಪೊಲೀಸ್ ಠಾಣೆ

ಸಿಟ್ಟಿನಲ್ಲಿ ಮೊದಲು ಹೊಳೆಯುವುದು ಪೊಲೀಸ್ ದೂರು. ಆದರೆ ಅದು ಎಲ್ಲ ಪ್ರಕರಣಕ್ಕೂ ಹೊಂದುವುದಿಲ್ಲ. ವೈದ್ಯರ ವಿರುದ್ಧ ಕ್ರಿಮಿನಲ್ ಪ್ರಕರಣಕ್ಕೆ ಘೋರ ಸ್ವರೂಪದ ನಿರ್ಲಕ್ಷ್ಯವೇ ಬೇಕು, ಮೊಕದ್ದಮೆಗೆ ಮುನ್ನ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದಿಂದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ, ವೈದ್ಯಕೀಯ ಕ್ರಿಯೆ ನಡೆಸುತ್ತಿದ್ದ ನೋಂದಾಯಿತ ವೈದ್ಯರಿಗೆ ಮಾತ್ರ ಎರಡು ವರ್ಷದ ಮಿತಿಯಿದೆ. ಸಾವು ಸಂಭವಿಸದಿದ್ದರೆ, ಇತರರ ಜೀವಕ್ಕೆ ಅಪಾಯ ತರುವ ಅಜಾಗರೂಕತೆಯನ್ನು ಕುರಿತ 125ನೇ ಕಲಮು ಅನ್ವಯವಾಗುತ್ತದೆ.

ಇವೆರಡಕ್ಕಿಂತ ಈ ವಿಷಯಕ್ಕೆ ನೇರವಾಗಿ ಹೊಂದುವ, ಆದರೆ ಬಹುತೇಕರ ಕಣ್ಣಿಗೆ ಬೀಳದ ಕಲಮು 357. ಕಾಯಿಲೆ ಅಥವಾ ದೇಹದ ದೌರ್ಬಲ್ಯದಿಂದ ತನ್ನನ್ನು ತಾನು ನೋಡಿಕೊಳ್ಳಲಾಗದ ಅಸಹಾಯಕ ವ್ಯಕ್ತಿಯ ಶುಶ್ರೂಷೆಗೆ ಅಥವಾ ಅಗತ್ಯಗಳ ಪೂರೈಕೆಗೆ ಕಾನೂನುಬದ್ಧ ಒಪ್ಪಂದದಿಂದ ಬದ್ಧರಾದವರು ಬೇಕೆಂದೇ ಅದನ್ನು ಮಾಡದೆ ಬಿಟ್ಟರೆ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಅದು ವಿಧಿಸುತ್ತದೆ. ಹಳೆಯ ದಂಡಸಂಹಿತೆಯ 491ನೇ ಕಲಮಿನಲ್ಲಿ ಈ ದಂಡ ಬರಿಯ 200 ರೂಪಾಯಿ ಇತ್ತು. ಶಿಕ್ಷೆ ಈಗಲೂ ಚಿಕ್ಕದೇ. ಅಸಂಜ್ಞೇಯ ಅಪರಾಧವಾದ್ದರಿಂದ ಪೊಲೀಸರು ತಾವಾಗಿ ತನಿಖೆ ನಡೆಸುವಂತಿಲ್ಲ, ನ್ಯಾಯಾಧೀಶರ ಮುಂದೆ ಖಾಸಗಿ ದೂರು ಹೂಡಬೇಕಾಗುತ್ತದೆ. ಹಾಗಿದ್ದರೂ ಮನೆಗೆ ಬಂದು ನೋಡಿಕೊಳ್ಳುವ ಹೋಮ್ ನರ್ಸ್ ಏಜೆನ್ಸಿಗಳವರೆಗೂ ಇದರ ಕೈ ಚಾಚುತ್ತದೆ ಎಂಬುದು ಗಮನಾರ್ಹ.

ಹೆಚ್ಚು ಮೊನಚಾದ ಅಸ್ತ್ರ ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರಲ್ಲಿದೆ. ಅಂಗವೈಕಲ್ಯವುಳ್ಳ ವ್ಯಕ್ತಿಯನ್ನು ತಮ್ಮ ಸುಪರ್ದಿಯಲ್ಲಿ ಇಟ್ಟುಕೊಂಡವರು ಬೇಕೆಂದೇ ಅಥವಾ ತಿಳಿದೂ ಆಹಾರ ಇಲ್ಲವೆ ದ್ರವಾಹಾರವನ್ನು ನಿರಾಕರಿಸಿದರೆ 92ನೇ ಕಲಮಿನ ಪ್ರಕಾರ ಕನಿಷ್ಠ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ಪಾರ್ಶ್ವವಾಯುವಿನಿಂದ ಕೈಕಾಲು ಬಿದ್ದವರು, ಪಾರ್ಕಿನ್ಸನ್ ಪೀಡಿತರು ಈ ಕಾಯ್ದೆಯ ರಕ್ಷಣೆ ಕೇಳಬಹುದು. ಅಂಗವೈಕಲ್ಯದ ಯುಡಿಐಡಿ ಕಾರ್ಡನ್ನು ಮೊದಲೇ ಮಾಡಿಸಿಟ್ಟಿದ್ದರೆ ವಾದ ಸುಲಭವಾಗುತ್ತದೆ. ಅದೇ ಕಾಯ್ದೆಯ 7ನೇ ಕಲಮಿನಡಿ ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ, ರಕ್ತಸಂಬಂಧಿಯೇ ಆಗಬೇಕಿಲ್ಲ, ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬಹುದು. ಅವರು ಬಿಡುಗಡೆ ಮತ್ತು ಸುರಕ್ಷಿತ ನೆಲೆಗೆ ಆದೇಶಿಸಬಹುದು. ದೂರದಲ್ಲಿರುವ ಮಕ್ಕಳ ಪರವಾಗಿ ನೆರೆಮನೆಯವರೇ ಅರ್ಜಿ ಕೊಡಬಹುದಾದ ದಾರಿ ಇದು.

ಠಾಣೆಯಲ್ಲಿ ವ್ಯಾಪ್ತಿಯ ನೆಪ ಹೇಳಿ ವಾಪಸು ಕಳುಹಿಸಿದರೆ, ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಘಟನೆ ಎಲ್ಲೇ ನಡೆದಿದ್ದರೂ ಸಂಜ್ಞೇಯ ಅಪರಾಧದ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕೆನ್ನುತ್ತದೆ ಎಂದು ನೆನಪಿಸಬೇಕು. ಆಗಲೂ ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ, ಅನಂತರ ಮ್ಯಾಜಿಸ್ಟ್ರೇಟರಿಗೆ ಮೊರೆಯಿಡಬಹುದು.

ಜಿಲ್ಲಾಧಿಕಾರಿ ಮತ್ತು ಉಪವಿಭಾಗಾಧಿಕಾರಿ

ಕೆಪಿಎಂಇ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯ ಅಧಿಕಾರಿ ಸದಸ್ಯ ಕಾರ್ಯದರ್ಶಿ. ರೋಗಿಗಳ ಸನ್ನದಿನ ಉಲ್ಲಂಘನೆ, ನೋಂದಣಿಯಿಲ್ಲದ ಸಂಸ್ಥೆ, ಅರ್ಹತೆಯಿಲ್ಲದ ಸಿಬ್ಬಂದಿ ಮುಂತಾದ ದೂರುಗಳನ್ನು ಅಲ್ಲಿಗೆ ಕೊಡಬೇಕು. ಆದರೆ ಇಲ್ಲಿ ಗ್ರಾಹಕ ಕಾನೂನಿನ ಅನುಕೂಲವಿಲ್ಲ, ಸಂಸ್ಥೆ ಇರುವ ಜಿಲ್ಲೆಯ ಪ್ರಾಧಿಕಾರಕ್ಕೇ ಹೋಗಬೇಕು. ಕೊಳ್ಳೇಗಾಲದ ನರ್ಸಿಂಗ್ ಹೋಮಿನ ವಿಷಯವನ್ನು ಮಂಡ್ಯದ ಜಿಲ್ಲಾಧಿಕಾರಿಗೆ ಬರೆದು ಪ್ರಯೋಜನವಿಲ್ಲ. ಪರಿಹಾರದ ಹಣಕ್ಕೆ ಇದು ದಾರಿಯಲ್ಲ, ಆದರೆ ಪರಿಶೀಲನಾ ತಂಡದ ವರದಿ ಬಂದರೆ ಅದು ಆಯೋಗದಲ್ಲಿ ಕೆಲಸಕ್ಕೆ ಬರುತ್ತದೆ. ವೈದ್ಯರ ವೃತ್ತಿ ದುರ್ನಡತೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ನರ್ಸ್‌ಗಳದು ರಾಜ್ಯ ಶುಶ್ರೂಷಾ ಪರಿಷತ್ತಿಗೆ ಸೇರುತ್ತದೆ.

ಹಿರಿಯ ನಾಗರಿಕರ ಕಾಯ್ದೆ, 2007ರ ಬಗ್ಗೆ ಜನರಲ್ಲಿರುವ ನಿರೀಕ್ಷೆ ಅದರ ಅಳವಿಗಿಂತ ದೊಡ್ಡದು. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿ, ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಿಗೆ ಮಂಡ್ಯ ಉಪವಿಭಾಗದ್ದು, ಮಕ್ಕಳು ಮತ್ತು ಆಸ್ತಿಗೆ ಬಾಧ್ಯರಾಗುವ ಬಂಧುಗಳಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿ ಪೋಷಣೆ ಕೊಡಿಸಬಲ್ಲದು, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಪತ್ರವನ್ನು 23ನೇ ಕಲಮಿನಡಿ ರದ್ದುಪಡಿಸಬಲ್ಲದು. ನರ್ಸಿಂಗ್ ಹೋಮಿನಿಂದ ಪರಿಹಾರ ಕೊಡಿಸಲಾರದು. ಆರೈಕೆಯ ಹೊಣೆ ಹೊತ್ತವರು ಹಿರಿಯರನ್ನು ಸಂಪೂರ್ಣ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ 24ನೇ ಕಲಮು ಮೂರು ತಿಂಗಳವರೆಗಿನ ಶಿಕ್ಷೆ ವಿಧಿಸುತ್ತದೆ. ಈ ಕಲಮು ಮಕ್ಕಳಿಗೂ ಅನ್ವಯಿಸಬಹುದು ಎಂಬುದನ್ನು ದೂರು ಕೊಡುವ ಮಕ್ಕಳು ಮರೆಯಬಾರದು. ತಿಂಗಳುಗಟ್ಟಲೆ ಭೇಟಿಯಿಲ್ಲ, ಫೋನಿಲ್ಲ, ಶುಲ್ಕವೂ ಬಾಕಿ ಎಂದಾದರೆ ಸಂಸ್ಥೆಯ ವಕೀಲರು ಅದನ್ನೇ ಮುಂದಿಡುತ್ತಾರೆ. ಹಾಗೆಂದು, ಹೆತ್ತವರನ್ನು ಹೊರಗೆ ಬಿಟ್ಟೆವಲ್ಲ ಎಂಬ ಅಳುಕಿನಿಂದ ಬಾಯಿ ಕಟ್ಟಿಕೊಂಡು ಕೂರುವುದಕ್ಕೂ ಕಾರಣವಿಲ್ಲ. ಆರೈಕೆಯನ್ನು ಹಣ ಕೊಟ್ಟು ಪಡೆಯುವುದು ಅಪರಾಧವಲ್ಲ, ಮನೆಯವರ ಕೊರತೆಯಿಂದ ಸಂಸ್ಥೆಯ ಹೊಣೆ ಕಡಿಮೆಯಾಗುವುದೂ ಇಲ್ಲ.

ಸರ್ಕಾರಿ ಸಂಸ್ಥೆಯಾದರೆ

ಉಚಿತ ಸೇವೆಯ ಸರ್ಕಾರಿ ಆಸ್ಪತ್ರೆ ಮತ್ತು ಆಶ್ರಯ ಕೇಂದ್ರಗಳ ವಿರುದ್ಧ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ದೂರು ಕೊಡಬಹುದು, ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಹೈಕೋರ್ಟಿನಲ್ಲಿ ರಿಟ್ ಹೂಡಬಹುದು. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ನಿವಾಸಿಗಳ ಸರಣಿ ಸಾವುಗಳು ಬೆಳಕಿಗೆ ಬಂದಾಗ ಸಮಾಜ ಕಲ್ಯಾಣ ಖಾತೆಯನ್ನು ಅಂದಿನ ಸಚಿವರು ಬಿಟ್ಟುಕೊಡಬೇಕಾಯಿತು. ಬ್ಲಫ್‌ನ ಎದುರು ದಡದ ಚಾಮರಾಜನಗರ ಜಿಲ್ಲೆಯ ಆಸ್ಪತ್ರೆಯಲ್ಲಿ 2021ರ ಮೇ ಆರಂಭದಲ್ಲಿ ಒಂದೇ ದಿನದೊಳಗೆ 24 ರೋಗಿಗಳು ಸತ್ತಾಗ, ಹೈಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿಯು ಆಮ್ಲಜನಕದ ಕೊರತೆಯತ್ತ ಬೊಟ್ಟು ಮಾಡಿತು. ಕುಟುಂಬಗಳಿಗೆ ಪರಿಹಾರ ಬಂದದ್ದು ಹೈಕೋರ್ಟಿನ ಮಧ್ಯಪ್ರವೇಶದಿಂದ.

ವಕೀಲರ ಖರ್ಚು ಭರಿಸಲಾಗದವರಿಗೆ ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಮಳವಳ್ಳಿ ನ್ಯಾಯಾಲಯದ ಆವರಣದ ತಾಲ್ಲೂಕು ಸಮಿತಿ ಇವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದಾದ್ದರಿಂದ, ಹಾಸಿಗೆ ಹಿಡಿದ ತಾಯಿಯೇ ಅರ್ಜಿದಾರರಾದರೆ ಪಿಂಚಣಿ ಎಷ್ಟು ಎಂಬ ಪ್ರಶ್ನೆಯೇ ಏಳುವುದಿಲ್ಲ. ಕಾನೂನು ನೆರವಿನ ಸಹಾಯವಾಣಿ 15100, ಹಿರಿಯರ ಸಹಾಯವಾಣಿ 14567, ತುರ್ತಿಗೆ 112.

ಆದೇಶ ಬಂದ ಮೇಲೂ ಕೆಲಸ ಉಳಿದಿರುತ್ತದೆ. ಜಿಲ್ಲಾ ಆಯೋಗದ ಆದೇಶದ ವಿರುದ್ಧ ಸಂಸ್ಥೆಯು 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಅದಕ್ಕೆ ಆದೇಶದ ಮೊತ್ತದ ಅರ್ಧವನ್ನು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಕುಟುಂಬವು ಅದೇ ಆಯೋಗದಲ್ಲಿ ಅಮಲ್ಜಾರಿ ಅರ್ಜಿ ಹಾಕಬೇಕು. 71ನೇ ಕಲಮಿನಡಿ ಆದೇಶವನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಆಸ್ತಿ ಜಪ್ತಿಯ ಮೂಲಕ ಜಾರಿಗೊಳಿಸಬಹುದು, 72ನೇ ಕಲಮಿನಡಿ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ, ಒಂದು ಲಕ್ಷದವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಎರಡೂ ಕಲಮುಗಳಡಿ ಅರ್ಜಿ ಸಲ್ಲಿಸಬಹುದು.